ಕಥೆ ಹೇಳಿದ್ದೀರಿ, ಕೇಳಿದ್ದನ್ನು ಹೇಳಿಲ್ಲ

ಆತ್ಮೀಯರೇ,

ನೀವು ಕಳಿಸಿದ 'ಕಿವಿಗೆ ದಕ್ಕಿದ ಮೂರು ಕಾದಂಬರಿಗಳು' ಲೇಖನವನ್ನು ಎರಡು ಸಲ ಓದಿದೆವು. ಟೋನಿ ಮಾರಿಸನ್ ಅವರ 'ಬಿಲವೆಡ್', ಯಾ ಜ್ಯಾಸಿ ಅವರ 'ಹೋಮ್‌ಗೋಯಿಂಗ್', ಬ್ರಿಟ್ ಬೆನೆಟ್ ಅವರ 'ದ ವ್ಯಾನಿಶಿಂಗ್ ಹಾಫ್' ಮೂರರಲ್ಲೂ ಕುಟುಂಬ, ಜನಾಂಗ, ಚರಿತ್ರೆ ಹೆಣೆದುಕೊಂಡಿವೆ. ಇವುಗಳ ಆಡಿಯೊ ಪುಸ್ತಕಗಳ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಬರಹ ಬೇಕೇ ಬೇಕು. ಆದರೆ ಈಗಿರುವ ರೂಪದಲ್ಲಿ ನಿಮ್ಮ ಲೇಖನವನ್ನು ಪ್ರಕಟಿಸಲಾಗದು.

2,400 ಪದಗಳಲ್ಲಿ ಸುಮಾರು 1,900 ಪದ ಕಥಾಸಾರಕ್ಕೇ ಹೋಗಿದೆ. ಆಡಿಯೊದಲ್ಲಿ ಓದಿರುವ ಬಗೆಯ ಕುರಿತು ಇರುವುದು ಆರು ವಾಕ್ಯ, ಅದರಲ್ಲೂ ನಾಲ್ಕು 'ಇಂಪಾದ ಧ್ವನಿ', 'ಸ್ಪಷ್ಟ ಉಚ್ಚಾರ' ಎಂಬಂಥವು. ಅಚ್ಚಿನ ಪುಸ್ತಕ ಓದಿದವರೂ ಇದನ್ನು ಬರೆಯಬಹುದಿತ್ತು. ನಮ್ಮ ಗಮಕದಲ್ಲಿ ವಾಚನ ಮಾಡುವವರು ಒಬ್ಬರು, ವ್ಯಾಖ್ಯಾನ ಮಾಡುವವರು ಇನ್ನೊಬ್ಬರು. ಆಡಿಯೊ ಪುಸ್ತಕದಲ್ಲಿ ಎರಡೂ ಕೆಲಸ ಒಂದೇ ಗಂಟಲಿನದು. ಎಲ್ಲಿ ನಿಲ್ಲಬೇಕು, ಯಾವ ಪಾತ್ರಕ್ಕೆ ಯಾವ ಸೀಮೆಯ ಧಾಟಿ ಕೊಡಬೇಕು ಎಂದು ತೀರ್ಮಾನಿಸಿದಾಗಲೇ ಓದುವವರು ಅರ್ಥವನ್ನೂ ಹೇಳಿಬಿಟ್ಟಿರುತ್ತಾರೆ. ನಿಮ್ಮ ಅಭಿಪ್ರಾಯ ನಮಗೆ ಬೇಕಾಗಿರುವುದು ಆ ತೀರ್ಮಾನಗಳ ಮೇಲೆ.

'ಬಿಲವೆಡ್' ಬಗ್ಗೆ 'ಓದು ತೀರಾ ನಿಧಾನ, 1.5 ವೇಗದಲ್ಲಿ ಇಟ್ಟು ಮುಗಿಸಿದೆ' ಎಂದಿದ್ದೀರಿ. ಸುಮಾರು 12 ಗಂಟೆಯ ಓದು ಹಾಗೆ 8 ಗಂಟೆಗೆ ಇಳಿಯುತ್ತದೆ, ಸರಿ. ಆದರೆ ಇಲ್ಲಿ ಓದಿರುವವರು ಸ್ವತಃ ಮಾರಿಸನ್. ಕಾದಂಬರಿಯ ಎರಡನೇ ಭಾಗದಲ್ಲಿ ಬರುವ, ಸತ್ತು ಮರಳಿ ಬಂದ ಮಗಳು ಬಿಲವೆಡ್‌ಳ ಸ್ವಗತಕ್ಕೆ ಅಚ್ಚಿನಲ್ಲಿ ವಿರಾಮಚಿಹ್ನೆಗಳೇ ಇಲ್ಲವೆನ್ನಬಹುದು, ನುಡಿಗಳ ನಡುವೆ ಬರೀ ಖಾಲಿ ಜಾಗ. ಆ ಖಾಲಿ ಜಾಗ ಕಿವಿಗೆ ತಲುಪುವುದು ಮೌನವಾಗಿ. ವೇಗ ಹೆಚ್ಚಿಸಿದರೆ ಆ ಮೌನ ಕುಗ್ಗುತ್ತದೆ. ಮೌನವನ್ನು ತಾನಾಗಿ ಕತ್ತರಿಸುವ ಸೆಟಿಂಗ್ ಕೆಲವು ಆ್ಯಪ್‌ಗಳಲ್ಲಿ ಇರುತ್ತದೆ, ಅದು ಚಾಲೂ ಇದ್ದರಂತೂ ಇಲ್ಲವೇ ಆಗುತ್ತದೆ. ಆ ಸೆಟಿಂಗ್ ತೆಗೆದು, ಸ್ವಗತದ ಭಾಗವನ್ನಷ್ಟೇ ಮೂಲ ವೇಗದಲ್ಲಿ ಹೆಡ್‌ಫೋನ್ ಹಾಕಿ ಕೇಳಿ. ಆಮೇಲೂ ನಿಧಾನ ಅನ್ನಿಸಿದರೆ ಧಾರಾಳವಾಗಿ ಬರೆಯಿರಿ, ಹಾಕುತ್ತೇವೆ. 1.5ರಲ್ಲಿ ಕೇಳಿ ಗತಿಯ ಬಗ್ಗೆ ತೀರ್ಪು ಕೊಡುವುದು ಮಾತ್ರ ಲೇಖಕಿಗೂ ಓದುಗರಿಗೂ ಅನ್ಯಾಯ.

ಅದೇ ಭಾಗದಲ್ಲಿ 'ಇದು ನಡೆದ ಕಥೆ' ಎಂದಿದ್ದೀರಿ. ನಡೆದದ್ದು ಮಾರ್ಗರೆಟ್ ಗಾರ್ನರ್ ಅವರ ಪ್ರಕರಣ. 1856ರಲ್ಲಿ ಕೆಂಟಕಿಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಒಹಾಯೊ ಸೇರಿದ ಆಕೆ, ಹಿಡಿಯಲು ಬಂದವರ ಎದುರು ತನ್ನ ಎಳೆಯ ಮಗಳನ್ನು ಕೊಂದರು. ಮಾರಿಸನ್ ಅಲ್ಲಿಂದ ಬೀಜವನ್ನಷ್ಟೇ ತೆಗೆದುಕೊಂಡರು. ತಾಯಿ ಸೆಥೆ, ಅವಳ ಇನ್ನೊಬ್ಬ ಮಗಳು ಡೆನ್ವರ್, ಮರಳಿ ಬರುವ ಮಗಳು ಎಲ್ಲರೂ ಕಲ್ಪನೆ.

'ಹೋಮ್‌ಗೋಯಿಂಗ್' ಕೇಳುವಾಗ ಯಾರು ಯಾರ ಮಗ ಎಂಬುದು ತಪ್ಪಿಹೋಯಿತೆಂದು ಓದಿದ ಡಾಮಿನಿಕ್ ಹಾಫ್‌ಮನ್ ಅವರನ್ನು ದೂರಿದ್ದೀರಿ. ಇದು ಅವರ ತಪ್ಪಲ್ಲ. 18ನೇ ಶತಮಾನದ ಗೋಲ್ಡ್ ಕೋಸ್ಟ್‌ನ, ಅಂದರೆ ಇಂದಿನ ಘಾನಾದ, ಎಫಿಯಾ, ಎಸಿ ಎಂಬ ಇಬ್ಬರು ಮಲಸಹೋದರಿಯರಿಂದ ಹೊರಟ ಎರಡು ವಂಶಗಳು. ಒಟ್ಟು 14 ಅಧ್ಯಾಯ, ಪ್ರತಿ ಅಧ್ಯಾಯಕ್ಕೂ ಹೊಸ ಮುಖ್ಯಪಾತ್ರ. ಅಚ್ಚಿನ ಪುಸ್ತಕದ ಮೊದಲಿಗೇ ವಂಶವೃಕ್ಷವಿದೆ, ಬೆರಳಿಟ್ಟುಕೊಂಡು ಮತ್ತೆ ಮತ್ತೆ ನೋಡಬಹುದು. ಕೇಳುವವರಿಗೆ ಆ ಪುಟ ಕಣ್ಣೆದುರಿಲ್ಲ. ಒಂದು ಹಾಳೆಯಲ್ಲಿ ಎರಡು ಸಾಲು ಎಳೆದುಕೊಳ್ಳಿ: ಎಫಿಯಾ ಕಡೆ ಏಳು ಹೆಸರು, ಎಸಿ ಕಡೆ ಏಳು. ಅಧ್ಯಾಯ ಶುರುವಾದಾಗ ಹೆಸರು, ಊರು, ತಾಯಿ ಅಥವಾ ತಂದೆ ಇಷ್ಟು ಬರೆದರೆ ಸಾಕು. ಓದುಗರಿಗೂ ಇದನ್ನು ಹೇಳಿ, ಅವರಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

'1807ರಲ್ಲಿ ಗುಲಾಮಗಿರಿ ಕೊನೆಗೊಂಡಿತು' ಎಂಬ ಸಾಲನ್ನು ತಿದ್ದಿ. ಆ ವರ್ಷ ಬ್ರಿಟಿಷ್ ಸಂಸತ್ತು ನಿಷೇಧಿಸಿದ್ದು ಗುಲಾಮರ ವ್ಯಾಪಾರವನ್ನು ಮಾತ್ರ. ಅಮೆರಿಕದಲ್ಲಿ ಗುಲಾಮಗಿರಿ ರದ್ದಾದದ್ದು 1865ರ 13ನೇ ತಿದ್ದುಪಡಿಯಿಂದ, ಅದೂ 'ಅಪರಾಧಕ್ಕೆ ಶಿಕ್ಷೆಯಾಗಿ ಹೊರತು' ಎಂಬ ವಿನಾಯಿತಿ ಇಟ್ಟು. 'ಹೋಮ್‌ಗೋಯಿಂಗ್'ನ ಎಚ್ ಎಂಬ ಪಾತ್ರ ಕೈದಿಯಾಗಿ ಅಲಬಾಮಾದ ಕಲ್ಲಿದ್ದಲ ಗಣಿಗೆ ಬೀಳುವುದು ಈ ಬಾಗಿಲಿನಿಂದಲೇ. 1807 ಎಂದು ಬರೆದುಬಿಟ್ಟರೆ ಆ ಅಧ್ಯಾಯವೇ ಅರ್ಥವಾಗುವುದಿಲ್ಲ.

ಇನ್ನು ಪದಗಳ ವಿಚಾರ. ಒಂದೇ ಪರಿಕಲ್ಪನೆಗೆ ಒಂದು ಕಡೆ ಜಾತಿ, ಒಂದು ಕಡೆ ವರ್ಣ, ಮತ್ತೊಂದು ಕಡೆ ಜನಾಂಗ ಎಂದಿದ್ದೀರಿ. ಜಾತಿ ಎಂದಕೂಡಲೇ ಓದುಗರ ಮನಸ್ಸು ನಮ್ಮೂರ ಕೇರಿಗೆ ಹೋಗುತ್ತದೆ, ವರ್ಣ ಎಂದರೆ ಚಾತುರ್ವರ್ಣ್ಯವೂ ನೆನಪಾಗುತ್ತದೆ. ಹೋಲಿಕೆ ನಿಮ್ಮ ಉದ್ದೇಶವಾದರೆ ಬಿಡಿಸಿ ಹೇಳಿ, ಪದದೊಳಗೆ ನುಸುಳಿಸಬೇಡಿ. ಬಣ್ಣ ಎಂಬುದೂ ಸಾಲದು. ಅಮೆರಿಕದ ವರ್ಜೀನಿಯಾ ರಾಜ್ಯದ 1924ರ ಕಾನೂನಿನಂಥವುಗಳ ಪ್ರಕಾರ ನೋಡಲು ಬೆಳ್ಳಗಿದ್ದರೂ ಪೂರ್ವಜರಲ್ಲಿ ಒಬ್ಬರು ಕಪ್ಪು ಜನಾಂಗದವರೆಂದು ಗೊತ್ತಾದರೆ ಆ ವ್ಯಕ್ತಿ ಬಿಳಿಯರಲ್ಲ. ಆದ್ದರಿಂದ ಜನಾಂಗ ಎಂಬುದನ್ನೇ ಕೊನೆಯವರೆಗೂ ಇಟ್ಟುಕೊಳ್ಳಿ.

'ದ ವ್ಯಾನಿಶಿಂಗ್ ಹಾಫ್'ಗೆ ನೀವು ಕೊಟ್ಟಿರುವುದು 300 ಪದ. ನಿಮ್ಮ ಲೇಖನದ ಜೀವ ಇರಬೇಕಾದದ್ದು ಇಲ್ಲಿ. ಲೂಯಿಸಿಯಾನದ ಮ್ಯಾಲರ್ಡ್ ಎಂಬ ಕಾಲ್ಪನಿಕ ಊರಿನ ಅವಳಿ ಸೋದರಿಯರಲ್ಲಿ ಸ್ಟೆಲ್ಲಾ ಬಿಳಿಯಳೆಂದು ಹೇಳಿಕೊಂಡು ಬದುಕುತ್ತಾಳೆ. ಅವಳ ಗುಟ್ಟು ನಿಂತಿರುವುದು ನೋಡುವವರ ಕಣ್ಣಿನ ಮೇಲೆ. ಕೇಳುಗರಿಗೆ ಮೈಬಣ್ಣ ಕಾಣದು, ಅವರಿಗಿರುವುದು ಮಾತು ಮಾತ್ರ. ಓದಿದ ಶೇಯ್ನಾ ಸ್ಮಾಲ್ ಅವರ ಮುಂದಿದ್ದ ಪ್ರಶ್ನೆ ಎಷ್ಟು ಕಷ್ಟದ್ದು ನೋಡಿ: ಸ್ಟೆಲ್ಲಾಳ ಮಾತಿನಲ್ಲಿ ಮ್ಯಾಲರ್ಡ್ ಎಷ್ಟು ಉಳಿಯಬೇಕು? ಮೂರು ಜಾಗ ಗುರುತು ಹಾಕಿಕೊಳ್ಳಿ. ಊರಿನಲ್ಲಿದ್ದಾಗ ಅಕ್ಕತಂಗಿಯರ ಮಾತು. ಕಪ್ಪು ಕುಟುಂಬವೊಂದು ಸ್ಟೆಲ್ಲಾ ಇರುವ ಬಿಳಿಯರ ಬಡಾವಣೆಗೆ ಬರುತ್ತದೆಂದಾಗ ನಿವಾಸಿಗಳ ಸಭೆಯಲ್ಲಿ ಅವಳು ಎದ್ದುನಿಂತು ವಿರೋಧಿಸುವುದು. ಆಮೇಲೆ ಅದೇ ಕುಟುಂಬದ ಲೊರೆಟ್ಟಾಳ ಜೊತೆ ಹರಟುವುದು. ಒಂದೊಂದನ್ನೂ ಎರಡೆರಡು ನಿಮಿಷ, ಮೂರು ಸಲ ಕೇಳಿ. ಮೊದಲ ಸಲ ಸ್ವರಗಳ ಉಚ್ಚಾರಣೆ, ಎರಡನೆಯ ಸಲ ವೇಗ, ಮೂರನೆಯ ಸಲ ಉಸಿರು ಎಲ್ಲಿ ಎಳೆಯುತ್ತಾರೆ ಎಂಬುದನ್ನಷ್ಟೇ ಗಮನಿಸಿ. ವ್ಯತ್ಯಾಸ ಕೇಳಿಸಿದರೆ ಏನೆಂದು ಬರೆಯಿರಿ. ಕೇಳಿಸದಿದ್ದರೆ ಅದೂ ಒಂದು ತೀರ್ಮಾನವೇ, ಅದು ಒಪ್ಪುತ್ತದೋ ಇಲ್ಲವೋ ಹೇಳಿ.

'ಹೋಮ್‌ಗೋಯಿಂಗ್'ನ ಕ್ವೇ ಎಂಬ ಪಾತ್ರದ ಹೆಸರನ್ನು ಮೂರು ಬಗೆಯಲ್ಲಿ ಬರೆದಿದ್ದೀರಿ, ಒಂದಕ್ಕೆ ನಿಲ್ಲಿ. ಕೇಳಿ ಬರೆಯುವವರಿಗೆ ಇಲ್ಲೊಂದು ಅನುಕೂಲವಿದೆ: ಇಂಗ್ಲಿಷ್ ಕಾಗುಣಿತ ನೋಡಿ ಊಹಿಸುವ ಬದಲು ಕಿವಿಗೆ ಬಿದ್ದದ್ದನ್ನೇ ಕನ್ನಡ ಲಿಪಿಗೆ ಇಳಿಸಬಹುದು. ಉಲ್ಲೇಖಗಳಿಗೆ ಮಾತ್ರ ಕಿವಿಯನ್ನು ನಂಬಬೇಡಿ, ಅಚ್ಚಿನ ಪ್ರತಿಯ ಜೊತೆ ತಾಳೆ ನೋಡಿ. ಪ್ರತಿ ಆಡಿಯೊ ಪುಸ್ತಕಕ್ಕೂ ಓದಿದವರ ಹೆಸರು, ಒಟ್ಟು ಅವಧಿ, ಪೂರ್ಣ ಪಾಠವೋ ಸಂಕ್ಷಿಪ್ತವೋ ಎಂಬುದು ಮೊದಲಲ್ಲೇ ಬರಲಿ. ಕ್ಯಾಸೆಟ್ ಕಾಲದ ಎಷ್ಟೋ ಮುದ್ರಿಕೆಗಳು ಸಂಕ್ಷಿಪ್ತವಾಗಿದ್ದವು.

ಕಥಾಸಾರ ಪುಸ್ತಕಕ್ಕೆ 80 ಪದ ಮೀರದಿರಲಿ, ಒಟ್ಟು 1,200 ಪದ ಸಾಕು. ಮೊದಲು ಸ್ಟೆಲ್ಲಾಳ ಭಾಗವನ್ನೇ ಬರೆದು ಕಳಿಸಿ. ಅದನ್ನು ನೋಡಿ ಉಳಿದದ್ದರ ಬಗ್ಗೆ ಮಾತಾಡೋಣ.

ವಿಶ್ವಾಸದಿಂದ,
ಸಂಪಾದಕರು