ಸರ್ವಿಸ್ ಆದ ಮೆಷಿನ್‌ಗೂ ಶೀಟ್ ‘ಬಾಕಿ’ ಅನ್ನುತ್ತಿದೆ, ಯಾಕೆ?

ಪ್ರಶ್ನೆ: 40 ಮೆಷಿನ್‌ಗಳ ಸರ್ವಿಸ್ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಟ್ಟಿದ್ದೇನೆ. ಸಿ ಕಾಲಂನಲ್ಲಿ ಕೊನೆಯ ಸರ್ವಿಸ್ ದಿನಾಂಕ, ಡಿ ಕಾಲಂನಲ್ಲಿ 90 ದಿನ. ಎರಡನ್ನೂ ಕೂಡಿಸಿ ಮುಂದಿನ ದಿನಾಂಕ ಪಡೆಯುತ್ತೇನೆ. ಕೆಲವು ಸಾಲಿನಲ್ಲಿ 1900ನೇ ಇಸವಿ ಬರುತ್ತದೆ. ಮೊನ್ನೆ ಸರ್ವಿಸ್ ಆದ ಮೆಷಿನ್ ಕೂಡ ‘ಬಾಕಿ’ ಎಂದು ತೋರಿಸುತ್ತದೆ. ಕಂಪ್ರೆಸರ್‌ಗೆ ಗಂಟೆ ಲೆಕ್ಕ ಬೇರೆ ಇದೆ. ಏನು ಮಾಡಲಿ?

ಉತ್ತರ: 1900ರ ಕಾರಣ ಸುಲಭ. ಎಕ್ಸೆಲ್‌ಗೆ ದಿನಾಂಕ ಅಂದರೆ ಒಂದು ಸಂಖ್ಯೆ. 1900ರ ಜನವರಿ 1 ಅದಕ್ಕೆ 1. ಖಾಲಿ ಸೆಲ್ ಅಂದರೆ ಸೊನ್ನೆ. ಅದಕ್ಕೆ 90 ಕೂಡಿಸಿದರೆ 1900ರ ಮಾರ್ಚ್ 30 ಬರುತ್ತದೆ. ಇಫ್ ಫಾರ್ಮುಲಾ ಹಾಕಿ ಆ ಜಾಗವನ್ನು ಸುಮ್ನೆ ಖಾಲಿ ಬಿಡೋಣ ಅನ್ನಿಸಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಫಾರ್ಮುಲಾ ಕೊಟ್ಟ ಖಾಲಿಯನ್ನು ಎಕ್ಸೆಲ್ ಅಕ್ಷರ ಎಂದು ನೋಡುತ್ತದೆ, ಅಕ್ಷರವನ್ನು ಯಾವ ಸಂಖ್ಯೆಗಿಂತಲೂ ದೊಡ್ಡದು ಎಂದು ಲೆಕ್ಕ ಹಾಕುತ್ತದೆ. ಆಗ ಒಮ್ಮೆಯೂ ಸರ್ವಿಸ್ ಆಗದ ಮೆಷಿನ್‌ಗೆ ‘ಸರಿ’ ಎಂದು ಬಂದುಬಿಡುತ್ತದೆ! ಸ್ಥಿತಿ ತೋರಿಸುವ ಸೆಲ್‌ನಲ್ಲಿ ಮೊದಲು ಸಿ ಕಾಲಂ ಖಾಲಿಯೇ ಎಂದು ಕೇಳಿ. ಖಾಲಿ ಇದ್ದರೆ ‘ದಾಖಲೆ ಇಲ್ಲ’ ಎಂದು ಬರಲಿ:

=ಇಫ್(ಸಿ2="","ದಾಖಲೆ ಇಲ್ಲ",ಇಫ್(ಸಿ2+ಡಿ2<ಟುಡೇ(),"ಬಾಕಿ","ಸರಿ"))

(ಟುಡೇ ಅಂದರೆ ಇವತ್ತಿನ ದಿನಾಂಕ. ಟೈಪ್ ಮಾಡುವಾಗ ಕಾಲಂ ಮತ್ತು ಫಂಕ್ಷನ್ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.)

ಮೊನ್ನೆಯ ಸರ್ವಿಸ್ ವಿಷಯದಲ್ಲಿ ನನ್ನ ಅನುಮಾನ ದಿನ ಮತ್ತು ತಿಂಗಳ ಅದಲುಬದಲಿನ ಮೇಲೆ. ಸೆಪ್ಟೆಂಬರ್ 2 ಎಂದುಕೊಂಡು 02/09 ಒತ್ತಿದರೆ, ತಿಂಗಳನ್ನು ಮೊದಲು ಓದುವ ಕಂಪ್ಯೂಟರ್‌ಗೆ ಅದು ಫೆಬ್ರುವರಿ 9. ಹಾಗಾಗಿ ಮೇ ತಿಂಗಳಲ್ಲೇ ಗಡುವು ಮುಗಿದಂತೆ ಕಾಣುತ್ತದೆ. ಇದರ ಉಲ್ಟಾ ಇನ್ನೂ ಅಪಾಯ: ಫೆಬ್ರುವರಿ 3ರ ಸರ್ವಿಸ್ ಮಾರ್ಚ್ 2 ಆಗಿ, ಗಡುವು ಸದ್ದಿಲ್ಲದೆ ಸುಮಾರು ಒಂದು ತಿಂಗಳು ಮುಂದೆ ಹೋಗುತ್ತದೆ. ತಿಂಗಳನ್ನು ಹೆಸರಿನಲ್ಲೇ ಬರೆಯುವ ಅಭ್ಯಾಸ ಮಾಡಿಸಿ. ಸೆಲ್‌ನಲ್ಲಿ ಎಡಕ್ಕೆ ಅಂಟಿಕೊಂಡ ದಿನಾಂಕ ಕಂಡರೆ, ನೀವು ಅಲೈನ್‌ಮೆಂಟ್ ಬದಲಿಸಿಲ್ಲದಿದ್ದರೆ, ಅದನ್ನು ಎಕ್ಸೆಲ್ ದಿನಾಂಕ ಎಂದು ಗುರುತಿಸಿಲ್ಲ ಎಂದರ್ಥ.

ಕಂಪ್ರೆಸರ್‌ಗೆ ಉಳಿದ ಗಂಟೆ ಹುಡುಕಿ. ಸರ್ವಿಸ್ ವೇಳೆ ಮೀಟರ್ 4,200 ಇತ್ತು, ಅಂತರ 500 ಗಂಟೆ, ಈಗಿನ ರೀಡಿಂಗ್ 4,580 ಅನ್ನಿ. ಉಳಿದದ್ದು 120. ದಿನಕ್ಕೆ 8 ಗಂಟೆ ಓಡಿದರೆ 15 ದಿನ. ಈ 15 ದಿನವನ್ನು ರೀಡಿಂಗ್ ತೆಗೆದ ದಿನಕ್ಕೆ ಕೂಡಿಸಿ, ಟುಡೇಗೆ ಬೇಡ. ಟುಡೇಗೆ ಕೂಡಿಸಿದರೆ, ಹೊಸ ರೀಡಿಂಗ್ ಹಾಕುವ ತನಕ ಗಡುವು ದಿನಾ ಒಂದು ದಿನ ಮುಂದೆ ಓಡುತ್ತದೆ, ಅಲ್ವಾ? ದಿನದ ಗಡುವೂ ಇದ್ದರೆ ಮಿನ್ ಬಳಸಿ, ಯಾವುದು ಮೊದಲೋ ಅದು ಸಿಗುತ್ತದೆ.

ಇನ್ನೊಂದು ಮಾತು. ಸಿ ಕಾಲಂನ ಹಳೆ ದಿನಾಂಕ ಅಳಿಸಿ ಹೊಸದು ಬರೆಯುತ್ತಿದ್ದೀರಾ? ಹಾಗಾದರೆ ಮೆಷಿನ್‌ನ ಇತಿಹಾಸವೇ ಹೋಗುತ್ತದೆ. ಬೇರೆ ಶೀಟ್‌ನಲ್ಲಿ ಪ್ರತಿ ಸರ್ವಿಸ್‌ಗೂ ಒಂದು ಸಾಲು ಬರೆಯಿರಿ. ಸಿ ಕಾಲಂನಲ್ಲಿ ಮ್ಯಾಕ್ಸ್‌ಇಫ್ಸ್ ಹಾಕಿದರೆ ಆ ಮೆಷಿನ್‌ನ ಕೊನೆಯ ದಿನಾಂಕ ತಾನೇ ಬರುತ್ತದೆ. ಎಕ್ಸೆಲ್ 2019ರಲ್ಲೂ ಗೂಗಲ್ ಶೀಟ್ಸ್‌ನಲ್ಲೂ ಇದು ಇದೆ. ಒಂದೂ ಸಾಲು ಸಿಗದಿದ್ದರೆ ಮ್ಯಾಕ್ಸ್‌ಇಫ್ಸ್ ಖಾಲಿ ಬಿಡುವುದಿಲ್ಲ, ಸೊನ್ನೆ ಕೊಡುತ್ತದೆ. ಆದ್ದರಿಂದ ಆಗ ಮೇಲಿನ ಫಾರ್ಮುಲಾದಲ್ಲಿ ಸಿ2="" ಬದಲು ಸಿ2=0 ಎಂದು ಮಾಡಿಕೊಳ್ಳಿ.