ಮಗನಿಗೆ ಮನೆ ಬರೆದುಕೊಡುವ ಮೊದಲು

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಆದರೂ ಕೆಲವರಿಗೆ ಇದು ತಮ್ಮದೇ ಮನೆಯ ಕಥೆ ಅನ್ನಿಸೀತು. ಇದೇ ಸಂಕಟ ಹೊತ್ತು ಬರುವವರು ಅಷ್ಟೊಂದು ಜನ.

ಎಪ್ಪತ್ತು ದಾಟಿದ ತಾಯಿ. ಗಂಡ ತೀರಿಕೊಂಡಿದ್ದಾರೆ. ಕುಟುಂಬ ಪಿಂಚಣಿ ಬರುತ್ತದೆ, ವಾಸದ ಮನೆ ಅವರದೇ ಹೆಸರಿನಲ್ಲಿದೆ. ನಿದ್ದೆ ಬರುವುದಿಲ್ಲವೆಂದು ವೈದ್ಯರು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಕಳಿಸಿದ್ದರು. ಎರಡನೇ ಭೇಟಿಯಲ್ಲಿ ವಿಷಯ ಹೊರಬಿತ್ತು. ಮನೆಯನ್ನು ದಾನಪತ್ರ ಮಾಡಿಕೊಡು ಎಂದು ಮಗ ಕೇಳುತ್ತಿದ್ದಾನೆ. ಪತ್ರ ಸಿದ್ಧವಾಗಿದೆ, ನೋಂದಣಿಯಷ್ಟೇ ಬಾಕಿ.

ಪಾಪ, ತಿಳಿಯದೆ ಹೊರಟಿದ್ದಾರೆ ಅಂದುಕೊಂಡೆ. ಹಾಗೇನಿರಲಿಲ್ಲ. ನೋಂದಣಿಯಾದ ದಾನಪತ್ರವನ್ನು ಮನಸ್ಸು ಬದಲಾದಾಗ ರದ್ದು ಮಾಡಲಾಗದು ಎಂಬುದೂ ಅವರಿಗೆ ಗೊತ್ತಿತ್ತು.

"ಮತ್ತೆ ಯಾಕಮ್ಮ ಸಹಿ ಹಾಕ್ತೀರಿ?"

"ಈ ಮಾತು ಶುರುವಾದ ಮೇಲೆ ಅವನು ಪ್ರತಿ ಭಾನುವಾರ ಬರ್ತಾನೆ ಮೇಡಂ. ಮೊದಲು ಫೋನೇ ಅಪರೂಪ. ಆಗಲ್ಲ ಅಂದ್ರೆ ಬರೋದು ನಿಲ್ಲಿಸಿಬಿಡ್ತಾನೆ."

"ಸಹಿ ಹಾಕಿದ ಮೇಲೆ?"

"ಆಗ್ಲೂ ನಿಲ್ಲಿಸ್ತಾನೆ. ಅದಕ್ಕೇ ಆಧಾರ್ ಕಾರ್ಡ್ ಎಲ್ಲೋ ಇಟ್ಟಿದ್ದೀನಿ, ಸಿಗ್ತಿಲ್ಲ ಅಂತ ಹೇಳ್ಕೊಂಡು ಬರ್ತಿದ್ದೀನಿ."

ಇಬ್ಬರೂ ನಕ್ಕೆವು. ಕಾರ್ಡ್ ಅವರ ಕೈಚೀಲದಲ್ಲೇ ಇತ್ತು.

ನಿದ್ದೆಗೆಡಿಸಿದ್ದು ಆಸ್ತಿಯ ಚಿಂತೆಯಲ್ಲ, ಮುಂದಿನ ಭಾನುವಾರಕ್ಕೆ ಹೊಸ ನೆಪ ಹುಡುಕುವ ಚಿಂತೆ. ಹಾಗಾಗಿ ನೆಪವೇ ಬೇಡದಂಥ ಒಂದು ಉತ್ತರ ಅವರಿಗೆ ಬೇಕಿತ್ತು. "ಮನೆ ನಿನಗೇ ಅಂತ ಉಯಿಲು ಬರೆದಿದ್ದೀನಿ. ನಾನಿರೋ ತನಕ ನನ್ನ ಹೆಸರಲ್ಲೇ ಇರಲಿ." ಈ ಮಾತನ್ನು ನನ್ನೆದುರೇ ಹೇಳಿ ಹೇಳಿ ರೂಢಿ ಮಾಡಿಕೊಂಡರು. ಮೊದಮೊದಲು ಕೊನೆಗೊಂದು "ಬೇಜಾರು ಮಾಡ್ಕೋಬೇಡಪ್ಪ" ಸೇರಿಸುತ್ತಿದ್ದರು. ಅದನ್ನು ಬಿಡಿಸುವುದೇ ಕಷ್ಟವಾಯಿತು. ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕು, ನೋಂದಣಿ ಕಡ್ಡಾಯವಲ್ಲ, ಬದುಕಿರುವಷ್ಟು ಕಾಲ ಬದಲಿಸಬಹುದು. ಬರೆಸಲು ಮಗ ಗೊತ್ತುಮಾಡಿದ ವಕೀಲರು ಬೇಡ, ನಿಮ್ಮವರೇ ಇರಲಿ ಎಂದೆ. ಪಿಂಚಣಿ ಖಾತೆಯ ಎಟಿಎಂ ಕಾರ್ಡ್, ಒಟಿಪಿ ಬರುವ ಫೋನ್ ಎರಡೂ ಅವರ ಕೈಯಲ್ಲೇ ಇರಬೇಕೆಂದೂ ಹೇಳಿದೆ.

ಆಪ್ತಸಲಹೆಗಾರರಿಗೆ ಆಸ್ತಿಪತ್ರದ ಉಸಾಬರಿ ಏಕೆ, ಮನೆ ಒಡೆಯುತ್ತೀರಿ ಎನ್ನುವವರಿದ್ದಾರೆ. ಮಗ ಕೆಟ್ಟವನೆಂದು ನಾನು ಹೇಳಲಿಲ್ಲ. ಅವನನ್ನು ಕಂಡೇ ಇಲ್ಲ. ಅವನಿಗೆ ಸಾಲವಿರಬಹುದು, ಹೆಂಡತಿ ಮಕ್ಕಳ ಒತ್ತಡವಿರಬಹುದು. ಆದರೆ ತಲೆಯ ಮೇಲಿನ ಸೂರನ್ನೇ ಕೊಟ್ಟು ಮಗನ ಭೇಟಿಯನ್ನು ಉಳಿಸಿಕೊಳ್ಳಹೊರಟ ತಾಯಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸುವುದು ನನ್ನಿಂದಾಗದು.

ಉಯಿಲಾಯಿತು. ಮಗ ಸಿಟ್ಟಾದ, ಈಗ ತಿಂಗಳಿಗೊಮ್ಮೆ ಬರುತ್ತಾನಂತೆ. ಬೇಸರವಿದೆ, ನಿದ್ದೆಯೂ ಬರುತ್ತಿದೆ. ಭಾನುವಾರ ಅಕ್ಕಪಕ್ಕದ ಮನೆಗೆ ಹೋಗಿ ಕೂರುತ್ತಾರೆ.

ಈಗಾಗಲೇ ಸಹಿ ಹಾಕಿದವರೂ ನನ್ನಲ್ಲಿಗೆ ಬರುತ್ತಾರೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ನ್ಯಾಯಮಂಡಳಿ ಅನೂರ್ಜಿತಗೊಳಿಸಬಹುದು. ಆದರೆ ಅಂಥ ಷರತ್ತಿತ್ತೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ನಾನು ಕಂಡ ಪತ್ರಗಳಲ್ಲಿ ಹೆಚ್ಚಿನವುಗಳಲ್ಲಿ "ಪ್ರೀತಿ ವಾತ್ಸಲ್ಯದಿಂದ" ಕೊಟ್ಟದ್ದೆಂದು ಮಾತ್ರ ಇರುತ್ತದೆ. ಕೊಡಲೇಬೇಕಾಗಿ ಬಂದರೆ ಊಟ, ಔಷಧಿ, ಅದೇ ಮನೆಯಲ್ಲಿ ಕೊನೆಯವರೆಗೆ ವಾಸ, ಇಷ್ಟನ್ನು ಪತ್ರದಲ್ಲೇ ಬರೆಸಿ. ಸಹಿ ಆಗಿಹೋಗಿದ್ದರೆ ಪತ್ರದ ಪ್ರತಿ ಹಿಡಿದು ಈ ನ್ಯಾಯಮಂಡಳಿ ಇರುವ ಉಪವಿಭಾಗಾಧಿಕಾರಿ ಕಚೇರಿಗೆ ಹೋಗಿ, ಇಲ್ಲವೇ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ.