‘ನೀವಿನ್ನೂ ಚಿಕ್ಕವರು’ ಅಂದರೆ?

ಪ್ರಶ್ನೆ: ನನಗೆ 21. ಬಿ.ಕಾಂ. ಆಗಿದೆ, ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಬರುತ್ತೆ. ‘ಇಷ್ಟು ಚಿಕ್ಕವರನ್ನು ಗ್ರಾಹಕರು ನಂಬಲ್ಲ’ ಅಂತ ಕೆಲಸ ಕೇಳಿದ ಎರಡು ಕಡೆ ವಾಪಸ್ ಕಳಿಸಿದರು. ದೂರು ಕೊಡಬಹುದೇ?

ಉತ್ತರ: ಕಷ್ಟ. ಖಾಸಗಿ ನೇಮಕಾತಿಯಲ್ಲಿ ವಯಸ್ಸಿನ ತಾರತಮ್ಯ ತಡೆಯುವ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಸಂವಿಧಾನದ 16ನೇ ವಿಧಿ ಸರ್ಕಾರಿ ನೌಕರಿಯದ್ದು, ತಾರತಮ್ಯಕ್ಕೆ ಕಾರಣ ಮಾಡಬಾರದೆಂದು ಅದು ಕೊಡುವ ಪಟ್ಟಿಯಲ್ಲೂ ವಯಸ್ಸಿಲ್ಲ. ಆದರೆ ಕೆಲಸ ಕೊಟ್ಟು, ‘ಚಿಕ್ಕವರು’ ಅಂತ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟರೆ ಕಾರ್ಮಿಕ ಇಲಾಖೆಗೆ ಹೋಗಿ.

ರೆಸ್ಯೂಮೆಯಿಂದ ಜನ್ಮದಿನಾಂಕ ತೆಗೆಯಿರಿ. ‘ಟ್ಯಾಲಿ ಬರುತ್ತೆ’ ಅನ್ನೋದು ಎಲ್ಲರೂ ಬರೆಯುವ ಸಾಲು. ಮಾಡಿದ್ದನ್ನೇ ಬರೆಯಿರಿ: ತಿಂಗಳಿಗೆ ಎಷ್ಟು ಬಿಲ್ ಎಂಟ್ರಿ, ಜಿಎಸ್‌ಟಿಆರ್-1 (ಮಾರಾಟದ ವಿವರ ಕೊಡುವ ಜಿಎಸ್‌ಟಿ ರಿಟರ್ನ್) ತಯಾರಿ, ಬ್ಯಾಂಕ್ ಸ್ಟೇಟ್‌ಮೆಂಟಿನ ಜೊತೆ ಲೆಕ್ಕ ತಾಳೆ. ಅನುಭವವೇ ಇಲ್ಲದಿದ್ದರೆ ನ್ಯಾಟ್ಸ್ (ಕೇಂದ್ರ ಸರ್ಕಾರದ ಅಪ್ರೆಂಟಿಸ್ ತರಬೇತಿ ಯೋಜನೆ) ಪೋರ್ಟಲ್‌ನಲ್ಲಿ ಅಪ್ರೆಂಟಿಸ್‌ಶಿಪ್ ಹುಡುಕಿ; ಸ್ಟೈಪೆಂಡ್ ಜೊತೆಗೆ ಸರ್ಟಿಫಿಕೇಟೂ ಸಿಗುತ್ತದೆ.